ಗೋಡೆಯ ತಟ್ಟೆ, ಊಟದ ತಟ್ಟೆ: ಬುಕಾರೆಸ್ಟಿನಲ್ಲಿ ಎರಡು ಸಂಜೆ

“ಬ್ರೆಡ್ಡಿನ ಮುಚ್ಚಳ ಎತ್ತಿದ್ದೇ ತಡ, ಕನ್ನಡಕದ ಮೇಲೆಲ್ಲ ಹಬೆ ಕೂತುಬಿಡ್ತು ಸಾರ್. ಏನೂ ಕಾಣಲಿಲ್ಲ. ವಾಸನೆ ಮಾತ್ರ ಬಂತು.”

ಐದು ತಿಂಗಳ ಹಿಂದೆ ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಮಾಡಿದ ಊಟದಲ್ಲಿ ನಿನಗೆ ನೆನಪಿರುವುದೇನು ಎಂದು ಕೇಳಿದ್ದಕ್ಕೆ ಮಂಡ್ಯದ ಹುಡುಗ ಫೋನಿನಲ್ಲಿ ಹೇಳಿದ್ದು ಇಷ್ಟೇ. ಅವನು ಕೂತಿದ್ದ ಹಜಾರದ ಚಾವಣಿಯ ಕಮಾನುಗಳಿಗೆ ಚಿತ್ರ ಬರೆದಿತ್ತು. ಕಿಟಕಿಗಳಿಗೆ ಬಣ್ಣದ ಗಾಜು, ಮರಕ್ಕೆಲ್ಲ ಕೆತ್ತನೆ. ಕಟ್ಟಡಕ್ಕೆ ನೂರಿಪ್ಪತ್ತು ವರ್ಷ ದಾಟಿತ್ತು. ಅವನು ಅದನ್ನೆಲ್ಲ ಬಿಟ್ಟು ಬ್ರೆಡ್ಡಿನ ಮುಚ್ಚಳವನ್ನು ಹಿಡಿದುಕೊಂಡಿದ್ದ.

ನಾನು ಸಾಫ್ಟ್‌ವೇರ್ ಕೆಲಸದ ಮೇಲೆ ಬುಕಾರೆಸ್ಟಿನಲ್ಲಿದ್ದವನು. ಆದರೆ ಹುಟ್ಟಿ ಬೆಳೆದದ್ದು ಹೋಟೆಲಿನವರ ಮನೆಯಲ್ಲಿ. ಅಪ್ಪ ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಹೋಟೆಲ್ ನಡೆಸಿದರು. ಹಾಗಾಗಿ ಯಾವ ಊರಿನ ಯಾವ ಹೋಟೆಲಿಗೆ ಹೋದರೂ ಅಡುಗೆಮನೆಯ ಬಾಗಿಲು ಎಲ್ಲಿದೆ, ಸಪ್ಲೈಯರ್ ಖಾಲಿ ಕೈಯಲ್ಲಿ ವಾಪಸ್ಸು ಹೋಗುತ್ತಾನೋ ಎಂಜಲು ತಟ್ಟೆ ಎತ್ತಿಕೊಂಡು ಹೋಗುತ್ತಾನೋ ಎಂದು ನೋಡುವ ಚಟ ನನಗೆ. ಆ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಆಫೀಸಿನಿಂದ ಆರು ಜನ ಒಂದು ವಾರಕ್ಕೆ ಬಂದರು. ಅವರಿಗೆ “ಸಾಂಪ್ರದಾಯಿಕ ರೊಮೇನಿಯನ್ ಊಟ” ಹಾಕಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಮಂಗಳವಾರ ಒಂದು ಕಡೆ, ಬುಧವಾರ ಇನ್ನೊಂದು ಕಡೆ ಕರೆದುಕೊಂಡು ಹೋದೆ. ಅದೇ ಆರು ಜನ, ಜೊತೆಗೆ ನಾನು, ನಮ್ಮ ಇಬ್ಬರು ರೊಮೇನಿಯನ್ ಸಹೋದ್ಯೋಗಿಗಳು: ಒಟ್ಟು ಒಂಬತ್ತು. ಬಿಲ್ಲು ಹೆಚ್ಚುಕಡಿಮೆ ಅಷ್ಟೇ ಬಂತು. ಐದು ತಿಂಗಳ ನಂತರ ಆರೂ ಜನರಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ಆರು ಜನರ ಉತ್ತರದಿಂದ ಸಿದ್ಧಾಂತ ಕಟ್ಟಲು ಆಗುವುದಿಲ್ಲ, ಗೊತ್ತು. ಆದರೂ ಉತ್ತರಗಳು ನಾನು ಅಂದುಕೊಂಡ ದಿಕ್ಕಿಗೆ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳವಾರದ ಜಾಗದ ಹೆಸರು ಹೇಳುವುದಿಲ್ಲ. ಊರಿನ ಉತ್ತರಕ್ಕೆ, ಕೆರೆಯ ಪಕ್ಕ, ದೊಡ್ಡ ಜಾಗ. ಹೊರಗೆ ಹುಲ್ಲಿನ ಬಣವೆ, ಮರದ ಗೇಟು, ಗಾಡಿಯ ಚಕ್ರಗಳು. ಒಳಗೆ ಗೋಡೆಯ ಮೇಲೆ ಕುಡುಗೋಲು, ಜರಡಿ, ನೂಲಿನ ರಾಟೆ, ಕಸೂತಿಯ ಅಂಗಿ, ಕುರಿಚರ್ಮದ ಕೋಟು, ಮೂಲೆಯಲ್ಲಿ ಹುಲ್ಲು ತುಂಬಿದ ಕರಡಿ. ಇವುಗಳ ನಡುವೆ ಮೊಳೆ ಹೊಡೆದು ತೂಗುಹಾಕಿದ ಮಣ್ಣಿನ ತಟ್ಟೆಗಳು, ನಲವತ್ತು ಐವತ್ತು ಇದ್ದವು. ಅವು ಹೊರೆಜು ಊರಿನ ತಟ್ಟೆಗಳು. ಊಟ ಬಂದದ್ದು ಮಾತ್ರ ಚೌಕಾಕಾರದ ಬಿಳಿ ಪಿಂಗಾಣಿಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಆ ತಟ್ಟೆ ಗೋಡೆಗೆಂದು ಮಾಡಿದ್ದೇ ಅಲ್ಲ. ಹೊರೆಜು ದಕ್ಷಿಣ ರೊಮೇನಿಯಾದ ವುಲ್ಚಾ ಜಿಲ್ಲೆಯ ಸಣ್ಣ ಪಟ್ಟಣ. ಅಲ್ಲಿ ಕುಂಬಾರರ ಕೇರಿಗೆ ಒಲಾರಿ ಎಂದೇ ಹೆಸರು, ಅಂದರೆ ಕುಂಬಾರರು. ಗಂಡಸರು ಮಣ್ಣು ತಂದು ಹದಮಾಡಿ ಚಕ್ರದ ಮೇಲೆ ತಟ್ಟೆ ಎತ್ತುತ್ತಾರೆ, ಹೆಂಗಸರು ಚಿತ್ತಾರ ಬರೆಯುತ್ತಾರೆ. ಬಣ್ಣ ಹಾಕಲು ಕುಂಚವಿಲ್ಲ. ಟೊಳ್ಳು ಮಾಡಿದ ಎತ್ತಿನ ಕೊಂಬಿನ ತುದಿಗೆ ಹೆಬ್ಬಾತಿನ ಗರಿಯ ಕೊಳವೆ ಸಿಕ್ಕಿಸಿ, ಅದರೊಳಗೆ ನೀರಾದ ಬಣ್ಣ ತುಂಬಿ, ತಿರುಗುವ ತಟ್ಟೆಯ ಮೇಲೆ ಸುರಿಯುತ್ತಾರೆ. ನಮ್ಮಲ್ಲಿ ಜಿಲೇಬಿ ಬಿಡುವ ಹಾಗೆ, ಆದರೆ ಎಳೆ ಕೂದಲಿನಷ್ಟು ಸಣ್ಣ. ಬಣ್ಣ ಹಸಿಯಿರುವಾಗಲೇ ತುದಿಗೆ ತಂತಿ ಕಟ್ಟಿದ ಕಡ್ಡಿಯಿಂದ ಅಡ್ಡ ಎಳೆದರೆ ಸುತ್ತುಗೆರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜೇಡರ ಬಲೆಯಾಗುತ್ತದೆ. ಕಂದು, ಕೆಂಪು, ಹಸಿರು, ನೀಲಿ, ಮತ್ತೆ ಅವರದೇ ಆದ ಒಂದು ದಂತದ ಬಿಳುಪು. ನಡುವೆ ಹುಂಜ. ಈ ಕಸುಬನ್ನು 2012ರಲ್ಲಿ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಇಬ್ಬರು ಸಹೋದ್ಯೋಗಿಗಳಲ್ಲಿ ಒಬ್ಬಾಕೆ ಕ್ರಯೋವಾ ಕಡೆಯವಳು, ಹೊರೆಜು ಅವಳಿಗೆ ದೂರವಲ್ಲ. ಗೋಡೆಯ ತಟ್ಟೆಗಳನ್ನು ನೋಡಿ ಅವಳು ಮೆಲ್ಲಗೆ ಹೇಳಿದಳು: ನಮ್ಮಜ್ಜಿ ಇಂಥ ಬಟ್ಟಲುಗಳನ್ನು ಸಂತೆಯಲ್ಲಿ ಡಜನ್ನುಗಟ್ಟಲೆ ಕೊಳ್ಳುತ್ತಿದ್ದಳು, ಸತ್ತವರ ಹೆಸರಿನಲ್ಲಿ ಹಂಚುವುದಕ್ಕೆ. ಅವರಲ್ಲಿ ಪೊಮಾನಾ ಎನ್ನುವ ಆಚಾರವಿದೆ. ಹಿರಿಯರನ್ನು ನೆನೆಯುವ ದಿನ ಬಟ್ಟಲಿಗೆ ಅಡುಗೆ ಹಾಕಿ, ಮೇಣದ ಬತ್ತಿ ಹಚ್ಚಿ ನೆರೆಹೊರೆಯವರಿಗೆ ಕೊಡುತ್ತಾರೆ. ಬಟ್ಟಲೂ ಅವರಿಗೇ. ಮಹಾಲಯ ಅಮಾವಾಸ್ಯೆಯ ಎಡೆ ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ವೇದಿಕೆಯ ಮೈಕು ಹೊತ್ತಿಕೊಂಡಿತು.

ಅಲ್ಲಿಂದ ಮುಂದೆ ಎರಡು ಗಂಟೆ ನಾವು ಮಾತಾಡಲಿಲ್ಲ. ಹಾಡುಗಾರ್ತಿಯ ಕಂಠ ಕೆಟ್ಟದ್ದೇನಲ್ಲ, ಪಿಟೀಲಿನವನಂತೂ ಚೆನ್ನಾಗಿಯೇ ಬಾರಿಸಿದ. ಆದರೆ ಸ್ಪೀಕರು ನಮ್ಮ ತಲೆಯ ಮೇಲಿತ್ತು. ಪಕ್ಕದವನಿಗೆ ಉಪ್ಪು ಕೊಡು ಎನ್ನಲು ಕೈಸನ್ನೆ ಮಾಡಬೇಕಾಯಿತು. ನರ್ತಕರು ವೇದಿಕೆಯ ಮೇಲೆ, ದೀಪಗಳು ಅವರ ಮೇಲೆ, ನಾವು ಕತ್ತಲಲ್ಲಿ. ಇನ್ನು ಆರು ಜನರಲ್ಲಿ ಇಬ್ಬರು ಸಸ್ಯಾಹಾರಿಗಳು, ಸಾಗರದ ಹುಡುಗಿಯೊಬ್ಬಳು, ಧಾರವಾಡದ ಹಿರಿಯರೊಬ್ಬರು. ಮೊದಲೇ ಫೋನ್ ಮಾಡಿ ಹೇಳಿದ್ದರೂ ಅವರ ಮುಂದೆ ಬಂದದ್ದು ಸೌತೆಕಾಯಿ, ಟೊಮೆಟೊ, ಆಲೂಗಡ್ಡೆ ಫ್ರೈ. ಧಾರವಾಡದವರು ನಕ್ಕು, “ಇರ್ಲಿ ಬಿಡ್ರಿ, ರೂಮಿನ್ಯಾಗ ಚಟ್ನಿಪುಡಿ ಐತಿ” ಅಂದರು. ನನಗೆ ನಾಚಿಕೆಯಾಯಿತು.

ಬುಧವಾರ ಕಾರು ಕು ಬೆರೆ.

ಹೆಸರು ಕೇಳಿ ನಮ್ಮವರು ಮೋಟಾರು ಕಾರು ಎಂದುಕೊಂಡರು. ರೊಮೇನಿಯನ್ನಿನಲ್ಲಿ ಕಾರ್ ಎಂದರೆ ಎತ್ತಿನ ಗಾಡಿ, ಬೆರೆ ಎಂದರೆ ಬಿಯರ್. ಬಿಯರ್ ಗಾಡಿ. ಮೋಟಾರಿಗೆ ಅವರು ಹೇಳುವುದು ಮಶೀನಾ. ಟ್ರಾನ್ಸಿಲ್ವೇನಿಯಾದಿಂದ ಬಂದ ಕಬಶಾನು ಎಂಬಾತ 1879ರಲ್ಲಿ ಇದನ್ನು ಹಳೆಯ ಜ್ಲತಾರಿ ಛತ್ರದಲ್ಲಿ ಶುರುಮಾಡಿದ. ಅವನ ಸೋದರ ಸಂಬಂಧದ ಹುಡುಗ ನಿಕೊಲಾಯೆ ಮಿರ್ಚಾನ ಕಾಲಕ್ಕೆ, 1899ರಲ್ಲಿ, ಸ್ತವ್ರೊಪೊಲೆಯೊಸ್ ಬೀದಿಯ ಈಗಿನ ಕಟ್ಟಡಕ್ಕೆ ಬಂತು. ಕಟ್ಟಡದ ನಕ್ಷೆ ಜಿಗ್‌ಫ್ರಿಡ್ ಕೊಫ್‌ಚಿನ್‌ಸ್ಕಿಯದು. ಶೈಲಿ ಹೊಸ ಗಾಥಿಕ್: ಚೂಪು ಕಮಾನು, ಎತ್ತರದ ಚಾವಣಿ, ಮೇಲೆ ಸುತ್ತ ಮರದ ಜಗಲಿ, ಅಲ್ಲಿಗೆ ಹತ್ತಲು ಸುರುಳಿ ಮೆಟ್ಟಿಲು, ಕೆಳಗೆ ನೆಲಮಾಳಿಗೆ. ಕಮ್ಯುನಿಸ್ಟರ ಕಾಲದಲ್ಲಿ ಸರಕಾರದ ವಶವಾಗಿ, 1989ರ ನಂತರ ವಾರಸುದಾರರಿಗೆ ಮರಳಿ, 2006ರಲ್ಲಿ ಹೊಸ ಆಡಳಿತದ ಕೈಯಲ್ಲಿ ಮತ್ತೆ ಬಾಗಿಲು ತೆರೆಯಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಕಟ್ಟಡದಲ್ಲಿ “ಹಳ್ಳಿ” ಎನ್ನುವುದು ಏನೂ ಇಲ್ಲ. ಜರ್ಮನ್ ಊರುಗಳ ಬಿಯರ್ ಹಜಾರದ ಮಾದರಿ, ನಕ್ಷೆ ಬರೆದವನ ಹೆಸರು ನೋಡಿದರೆ ರೊಮೇನಿಯನ್ ಅಲ್ಲ, ಮಾಲೀಕರು ಆಗ ಆಸ್ಟ್ರಿಯಾ-ಹಂಗರಿಯ ಆಳ್ವಿಕೆಯಲ್ಲಿದ್ದ ಬೆಟ್ಟದಾಚೆಯವರು. ಆದರೂ ಬುಕಾರೆಸ್ಟಿನವರನ್ನು ಸಾಂಪ್ರದಾಯಿಕ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ, ಮೊದಲು ಬರುವ ಹೆಸರುಗಳಲ್ಲಿ ಇದಿರುತ್ತದೆ. ಕೆರೆಯ ಪಕ್ಕದವರು ತಮ್ಮದಲ್ಲದ ಹಳ್ಳಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿಸಿದ್ದರು. ಇವರು ಪೇಟೆಯಲ್ಲಿ ಹುಟ್ಟಿದವರು, ಪೇಟೆಯ ಹಾಗೆಯೇ ಇದ್ದಾರೆ.

ಆ ಬೀದಿಗೇ ಅಂಥ ಗುಣವಿದೆ ಅನ್ನಿಸುತ್ತದೆ. ಕೆಲವೇ ಹೆಜ್ಜೆಯಲ್ಲಿ 1724ರ ಸ್ತವ್ರೊಪೊಲೆಯೊಸ್ ಮಠ, ಕೈಯಲ್ಲಿ ಹಿಡಿದು ನೋಡಬಹುದೇನೋ ಅನ್ನುವಷ್ಟು ಪುಟ್ಟ ಗುಡಿ. ಅದನ್ನು ಕಟ್ಟಿಸಿದ ಗ್ರೀಕ್ ಸನ್ಯಾಸಿ ಪಕ್ಕದಲ್ಲೇ ಒಂದು ಛತ್ರವನ್ನೂ ನಡೆಸುತ್ತಿದ್ದ, ಅದರ ಆದಾಯದಿಂದ ಗುಡಿಯ ಖರ್ಚು ಸಾಗುತ್ತಿತ್ತು. ಛತ್ರ ಈಗಿಲ್ಲ. ನಾಟಕಕಾರ ಕರಜಾಲೆಯ ಹೆಸರೂ ಈ ಓಣಿಗಳಿಗೆ ಅಂಟಿಕೊಂಡಿದೆ. ಅವನು 1893ರಲ್ಲಿ ತಾನೇ ಒಬ್ಬನ ಪಾಲುದಾರಿಕೆಯಲ್ಲಿ ಬಿಯರ್ ಅಂಗಡಿ ತೆರೆದ, ಆಮೇಲೆ ಬುಜವು ರೈಲು ನಿಲ್ದಾಣದ ಉಪಾಹಾರಗೃಹವನ್ನೂ ಹಿಡಿದ. ಯಾವುದೂ ಅವನ ಕೈ ಹಿಡಿಯಲಿಲ್ಲ. ದೊಡ್ಡ ಬರಹಗಾರನಿಗೂ ಗಲ್ಲಾ ಪೆಟ್ಟಿಗೆ ಒಗ್ಗುವುದಿಲ್ಲ ಎಂದು ಅಪ್ಪನಿಗೆ ಹೇಳಿದರೆ ಖುಷಿಪಟ್ಟಾರು ಎಂದು ಈ ಸಂಗತಿಯನ್ನು ಎತ್ತಿಟ್ಟುಕೊಂಡಿದ್ದೆ.

ಸರಿ, ಸಂಜೆಗೆ ಬರೋಣ. ಟೇಬಲ್ ಮೊದಲೇ ಹೇಳಿಟ್ಟಿದ್ದರೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆವು. ಬಾಗಿಲು ತೆರೆದಾಗಲೆಲ್ಲ ಒಳಗಿನ ಸದ್ದು ಬೀದಿಗೆ ಚೆಲ್ಲುತ್ತಿತ್ತು: ನೂರಾರು ಜನ ಒಟ್ಟಿಗೆ ಮಾತಾಡುವ, ಚಮಚ ತಾಗುವ, ಕುರ್ಚಿ ಎಳೆಯುವ ಸದ್ದು. ಎತ್ತರದ ಚಾವಣಿಗೆ ಬಡಿದು ಅದು ಗುಂಯ್ ಎನ್ನುತ್ತದೆ, ಕಲ್ಯಾಣಮಂಟಪದಲ್ಲಿ ಮೊದಲ ಪಂಕ್ತಿ ಕೂತಾಗಿನ ಹಾಗೆ. ಹಿಂದಿನ ರಾತ್ರಿಯೂ ಗದ್ದಲವೇ ಇತ್ತು, ಆದರೆ ಅದು ನಮ್ಮ ಮೇಲೆ ಬಿದ್ದ ಗದ್ದಲ. ಇದರಲ್ಲಿ ನಮ್ಮ ಪಾಲೂ ಸೇರಿಕೊಂಡಿತು. ಐದು ನಿಮಿಷದಲ್ಲಿ ನಮ್ಮವರೂ ಜೋರಾಗಿ ಕನ್ನಡದಲ್ಲಿ ಮಾತಾಡತೊಡಗಿದ್ದರು, ಯಾರೂ ತಿರುಗಿ ನೋಡಲಿಲ್ಲ.

ಹಳಬರು ಹೇಳುವ ಪ್ರಕಾರ ಇಂಥ ಹಜಾರಗಳಲ್ಲಿ ಮೊದಲು ಸಿಗರೇಟಿನ ಹೊಗೆ ಮೋಡದಂತೆ ನಿಂತಿರುತ್ತಿತ್ತು. 2016ರ ಮಾರ್ಚ್ 17ರಿಂದ ಒಳಾಂಗಣದಲ್ಲಿ ಸೇದುವುದನ್ನು ಕಾನೂನು ನಿಲ್ಲಿಸಿತು. ಹೊಗೆ ಹೋದರೆ ಹಳೆಯ ಬಿಯರ್ ಮನೆಯ ಕಳೆಯೇ ಹೋಯಿತು ಎಂದು ನಮ್ಮ ಇನ್ನೊಬ್ಬ ಸಹೋದ್ಯೋಗಿ ಆಗ ಸಂಕಟಪಟ್ಟಿದ್ದನಂತೆ. ಈಗ ಅವನೇ ಹೇಳುತ್ತಾನೆ, ಹುರಿದ ಹಂದಿಯ ವಾಸನೆ ಇಷ್ಟು ಸೊಗಸಾಗಿರುತ್ತದೆಂದು ಆಗ ಗೊತ್ತೇ ಇರಲಿಲ್ಲ ಎಂದು.

ಮಂಡ್ಯದ ಹುಡುಗ ತರಿಸಿದ್ದು ಬೀನ್ಸ್ ಕಾಳಿನ ಚೊರ್ಬಾ. ಚೊರ್ಬಾ ಎಂದರೆ ಹುಳಿ ಸಾರು. ಹುಳಿಗೆ ಅವರು ಹಲವು ಕಡೆ ಬೋರ್ಶ್ ಹಾಕುತ್ತಾರೆ, ಗೋಧಿಯ ತವುಡನ್ನು ನೀರಿನಲ್ಲಿ ಹುದುಗಿಸಿ ಬಸಿದ ತಿಳಿ. ಈ ಬೀನ್ಸ್ ಕಾಳಿನ ಸಾರಿಗೆ ಹೊಗೆಯಲ್ಲಿ ಒಣಗಿಸಿದ ಮಾಂಸ ಬಿದ್ದಿರುತ್ತದೆ, ಅದನ್ನು ಬಡಿಸುವುದು ಟೊಳ್ಳು ಮಾಡಿದ ದುಂಡನೆಯ ಬ್ರೆಡ್ಡಿನೊಳಗೆ. ಮೇಲೆ ಕತ್ತರಿಸಿದ ತುಂಡೇ ಮುಚ್ಚಳ. ಪಕ್ಕಕ್ಕೆ ಹಸಿ ಕೆಂಪು ಈರುಳ್ಳಿ. ಸಾರು ಕುಡಿಯುತ್ತ ಹೋದಂತೆ ಪಾತ್ರೆಯ ಒಳಗೋಡೆ ಮೆತ್ತಗಾಗುತ್ತದೆ, ಅದನ್ನೂ ಕೆರೆದು ತಿನ್ನಬೇಕು. ಎಷ್ಟು ಕೆರೆದರೆ ತೂತಾಗುತ್ತದೆ ಎನ್ನುವುದು ತಿನ್ನುವವನ ಲೆಕ್ಕ. ಮಂಡ್ಯದವನು ಲೆಕ್ಕ ತಪ್ಪಿದ. ಟೇಬಲ್ ಮೇಲೆಲ್ಲ ಸಾರು. ಸಪ್ಲೈಯರ್ ಓಡಿ ಬಂದು ಒರೆಸಿ, ಏನೋ ಹೇಳಿ ಹೋದ. ಕ್ರಯೋವಾದವಳು ಅನುವಾದಿಸಿದಳು: “ಮನೆಗೆ ತಳಪಾಯ ಬಿಟ್ಟು ತಿನ್ನಬೇಕು ಅಂತಿದಾನೆ.”

ಇನ್ನು ಸಸ್ಯಾಹಾರಿಗಳ ವಿಷಯ. ಹಿಂದಿನ ರಾತ್ರಿಯ ಅವಮಾನದಿಂದ ಪಾಠ ಕಲಿತು ನಾನು ಈ ಸಲ ವೆಜಿಟೇರಿಯನ್ ಎಂಬ ಮಾತನ್ನೇ ಬಿಟ್ಟೆ. “ದೆ ಪೋಸ್ತ್” ಇದೆಯೇ ಎಂದು ಕೇಳಿಸಿದೆ. ಪೋಸ್ತ್ ಎಂದರೆ ಉಪವಾಸ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಕ್ರಿಸ್‌ಮಸ್ಸಿಗೆ ಮುಂಚಿನ ನಲವತ್ತು ದಿನ, ಈಸ್ಟರಿಗೆ ಮುಂಚಿನ ಏಳು ವಾರ ವ್ರತ ಹಿಡಿಯುತ್ತಾರೆ. ವ್ರತದಲ್ಲಿ ಮಾಂಸ, ಮೊಟ್ಟೆ, ಹಾಲು ಮೂರೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ಎಲ್ಲರೂ ಪಾಲಿಸುವುದಿಲ್ಲ, ಆದರೆ ಆ ಅಡುಗೆ ಎಲ್ಲರಿಗೂ ಗೊತ್ತು. ನಾವು ಹೋದದ್ದೂ ಬುಧವಾರವೇ. ವೆಜಿಟೇರಿಯನ್ ಎಂದರೆ ಅಡುಗೆಯವನಿಗೆ ಮಾಂಸ ತೆಗೆದ ಖಾಲಿ ತಟ್ಟೆ ಕಾಣುತ್ತದೆ, ದೆ ಪೋಸ್ತ್ ಎಂದರೆ ಅವನ ಅಮ್ಮ ಮಾಡುತ್ತಿದ್ದ ಅಡುಗೆ ಕಣ್ಣ ಮುಂದೆ ಬರುತ್ತದೆ. ಹಾಗೆಂದು ನನ್ನ ಊಹೆ.

ಬಂದದ್ದನ್ನು ನೋಡಿ: ಬೇಯಿಸಿ ಅರೆದ ಬೀನ್ಸ್ ಕಾಳು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಸುಟ್ಟ ಬದನೆಕಾಯಿಯ ಗೊಜ್ಜು. ಇದರಲ್ಲಿ ಕೆಲವರು ಮೊಟ್ಟೆಯ ಮೇಯನೀಸ್ ಬೆರೆಸುತ್ತಾರೆ, ಬೇಡವೆಂದು ಹೇಳಿ ತರಿಸಬೇಕು. ಬದನೆಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆಂದು ಮನೆಗಳಲ್ಲಿ ಮರದ ಕತ್ತಿಯಿಂದ ಕೊಚ್ಚುತ್ತಾರಂತೆ. ಸುಟ್ಟ ದಪ್ಪ ಮೆಣಸಿನಕಾಯಿ, ಬದನೆ ಹಾಕಿ ಗಂಟೆಗಟ್ಟಲೆ ಕಾಯಿಸಿದ ಜಕುಸ್ಕಾ. ಉಪ್ಪುನೀರಿನಲ್ಲಿ ಹುಳಿ ಬರಿಸಿದ ಎಲೆಕೋಸು, ಸೌತೆ. ನಡುವೆ ಹಳದಿ ಗುಡ್ಡದಂತೆ ಮಮಲಿಗಾ.

ಮಮಲಿಗಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬೇರೆ ಮಾತೇ ಬೇಡ. ಕುದಿಯುವ ನೀರಿಗೆ ಹಿಟ್ಟು ಬಿಟ್ಟು, ಮರದ ಕೋಲಿನಿಂದ ತಿರುವಿ, ಗಟ್ಟಿಯಾದ ಮೇಲೆ ಹಲಗೆಯ ಮೇಲೆ ಮಗುಚುತ್ತಾರೆ. ಹಳೆಯ ಪದ್ಧತಿಯಲ್ಲಿ ಚಾಕು ಹಾಕುವುದಿಲ್ಲ, ದಾರದಿಂದ ಕತ್ತರಿಸುತ್ತಾರೆ. ಕ್ರಯೋವಾದವಳು ಅಂದು ಸಪ್ಲೈಯರನನ್ನು ಕೇಳಿ ಒಂದು ತುಂಡು ದಾರ ತರಿಸಿದಳು. ಮುದ್ದೆಯ ಅಡಿಗೆ ದಾರ ಸರಿಸಿ, ಎರಡೂ ತುದಿ ಮೇಲಕ್ಕೆ ಎಳೆದು ತೋರಿಸಿದಳು. ಆಮೇಲೆ ದಾರ ಒಬ್ಬೊಬ್ಬರ ಕೈಗೂ ಹೋಯಿತು. ಧಾರವಾಡದ ಹಿರಿಯರು ಕೈಯಲ್ಲೇ ಮುರಿದು, ಕಾಳಿನ ಪಲ್ಯದಲ್ಲಿ ಅದ್ದಿ, ಕಣ್ಣುಮುಚ್ಚಿ ತಿಂದರು. ಅವರು ಮುದ್ದೆ ಸೀಮೆಯವರಲ್ಲ, ರೊಟ್ಟಿಯವರು. ಆದರೂ ಆ ಹೊತ್ತಿನಲ್ಲಿ ಮಂಡ್ಯದವನಿಗೂ ಅವರಿಗೂ ಮುದ್ದೆ ನುಂಗಬೇಕೋ ಅಗಿಯಬೇಕೋ ಎಂದು ದೊಡ್ಡ ವಾದವೇ ಹತ್ತಿತು, ಪಕ್ಕದ ಟೇಬಲಿನ ಮುದುಕರೊಬ್ಬರು ಏನೆಂದು ಕೇಳಿ, ಅಗಿಯಬೇಕೆಂದು ತೀರ್ಪು ಕೊಟ್ಟರು.

ಕುಣಿತ ಇಲ್ಲಿಯೂ ಇತ್ತು. ಆದರೆ ಟೇಬಲುಗಳ ನಡುವಿನ ದಾರಿಯಲ್ಲಿ. ಆ ದಾರಿ ಅಗಲವಾಗಿಲ್ಲ. ಸಪ್ಲೈಯರುಗಳು ತಟ್ಟೆಗಳನ್ನು ಎತ್ತಿ ಹಿಡಿದು ನರ್ತಕರ ಪಕ್ಕದಿಂದಲೇ ನುಸುಳುತ್ತಿದ್ದರು. ಕುಣಿಯುವವಳ ಲಂಗದ ಅಂಚು ಸಾಗರದ ಹುಡುಗಿಯ ಮೊಣಕೈಗೆ ತಾಗಿ ಹೋಯಿತು. ಒಂದು ಹೊತ್ತಿನ ಮಟ್ಟಿಗೆ ಅವಳು ಕುಣಿತವನ್ನು ನೋಡುತ್ತಿರಲಿಲ್ಲ, ಅದರ ದಾರಿಯಲ್ಲಿ ಕೂತಿದ್ದಳು. ಹಾಡು ಮುಗಿದ ಕೂಡಲೇ ಮಾತು ಮತ್ತೆ ಶುರುವಾಯಿತು, ಯಾಕೆಂದರೆ ಮಾತು ಪೂರ್ತಿ ನಿಂತೇ ಇರಲಿಲ್ಲ.

ಕೊನೆಗೆ ಪಪನಾಶ್: ತಾಜಾ ಗಿಣ್ಣಿನ ಹಿಟ್ಟನ್ನು ವಡೆಯ ಹಾಗೆ ತೂತು ಮಾಡಿ ಕರಿದು, ಮೇಲೆ ಪುಟ್ಟ ಗುಂಡು ಕೂರಿಸಿ, ಹುಳಿ ಕೆನೆ, ಹಣ್ಣಿನ ಜಾಮು ಸುರಿಯುತ್ತಾರೆ. ತೂಕದ ತಿಂಡಿ. ಒಬ್ಬರಿಗೆ ಒಂದು ಎಂದು ಹೇಳಿದೆ, ಸಪ್ಲೈಯರ್ ತಲೆಯಾಡಿಸಿ ಇಬ್ಬರಿಗೆ ಒಂದು ಎಂದು ಬರೆದುಕೊಂಡ. ಅಪ್ಪನ ಹೋಟೆಲಿನಲ್ಲಿ ಹೆಚ್ಚು ಆರ್ಡರ್ ಮಾಡುವ ಗಿರಾಕಿಯನ್ನು ತಡೆಯುತ್ತಿದ್ದವನು ಒಬ್ಬನೇ ಇದ್ದ, ಊರಿನವರೆಲ್ಲ ಅವನ ಟೇಬಲಿಗೇ ಹೋಗಿ ಕೂರುತ್ತಿದ್ದರು.

ಈಗ ಐದು ತಿಂಗಳ ನಂತರದ ಉತ್ತರಗಳು. ಮಂಡ್ಯದವನದು ಹೇಳಿಯಾಯಿತು. ಸಾಗರದ ಹುಡುಗಿ: “ಲಂಗ ತಾಗಿದ್ದು. ಮತ್ತೆ ಆ ದಾರ.” ಧಾರವಾಡದವರು: “ಉಪವಾಸದ ಊಟ ಹೊಟ್ಟಿ ತುಂಬ ಉಂಡದ್ದು.” ಒಬ್ಬನಿಗೆ ತ್ಸುಯ್ಕಾ ನೆನಪಿತ್ತು, ಪ್ಲಮ್ ಹಣ್ಣಿನ ಕಡಕ್ಕು ಸಾರಾಯಿ. ಕುಡಿಯುವ ಮುಂಚೆ ಕಣ್ಣಲ್ಲಿ ಕಣ್ಣಿಟ್ಟು “ನೊರೋಕ್” ಎನ್ನಬೇಕೆಂದು ಅವನಿಗೆ ಕಲಿಸಿದ್ದು ಅದೇ ಪಕ್ಕದ ಟೇಬಲಿನ ಮುದುಕರು. ಇನ್ನೊಬ್ಬಾಕೆ ಪಪನಾಶ್ ಎಂದಳು, ಹೆಸರು ಮರೆತು “ಆ ಟೋಪಿ ಹಾಕಿದ ವಡೆ” ಎಂದಳು. ಆರನೆಯವನು ಮಾತ್ರ ಮಂಗಳವಾರದ ಕರಡಿಯನ್ನು ನೆನೆದ. ಅದರ ಹೆಗಲ ಮೇಲೆ ಕೈಹಾಕಿ ತೆಗೆಸಿಕೊಂಡ ಫೋಟೋ ಇನ್ನೂ ಅವನ ವಾಟ್ಸ್ಆ್ಯಪ್ ಡಿಪಿ. ಅಷ್ಟು ಖರ್ಚಿನ ಅಲಂಕಾರದಲ್ಲಿ ಅವನು ಮುಟ್ಟಿದ್ದು ಅದೊಂದನ್ನೇ.

ಬಣ್ಣದ ಗಾಜನ್ನು ಒಬ್ಬರೂ ಹೇಳಲಿಲ್ಲ. ನೇರವಾಗಿ ಕೇಳಿದಾಗ ಮೂವರು “ಹೌದಲ್ಲ, ಚೆನ್ನಾಗಿತ್ತು” ಎಂದರು. ಹಾಗೆಂದು ಗಾಜು ದಂಡ ಎನ್ನಲಾರೆ. ಅದೇ ಚೊರ್ಬಾ ಅದೇ ಬ್ರೆಡ್ಡಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸಿಕ್ಕಿದ್ದರೆ ಹಬೆ ಅಷ್ಟು ಏರುತ್ತಿತ್ತೋ ಇಲ್ಲವೋ. ಕಟ್ಟಡ ಬೆನ್ನಿಗಿತ್ತು, ಅಷ್ಟೇ. ಅದನ್ನೇ ನೋಡಿ ಎಂದು ಯಾರೂ ನಮ್ಮ ಕತ್ತು ತಿರುಗಿಸಲಿಲ್ಲ.

ಅನುಮಾನ ತೀರಿಸಿಕೊಳ್ಳಲು ಆಮೇಲೊಂದು ದಿನ ಮಧ್ಯಾಹ್ನ ಒಬ್ಬನೇ ಅಲ್ಲಿಗೆ ಹೋದೆ. ಸಂಗೀತವಿಲ್ಲ, ಕುಣಿತವಿಲ್ಲ. ಆಫೀಸಿನ ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡ ನಾಲ್ಕು ಜನ ಚೊರ್ಬಾ ಕುಡಿದು ಇಪ್ಪತ್ತು ನಿಮಿಷದಲ್ಲಿ ಎದ್ದರು. ಒಬ್ಬ ಅಜ್ಜಿ ಮೊಮ್ಮಗನಿಗೆ ಸರ್ಮಾಲೆಯ ಸುತ್ತು ಬಿಡಿಸಿಕೊಡುತ್ತಿದ್ದಳು, ಹುಳಿ ಬರಿಸಿದ ಎಲೆಕೋಸಿನಲ್ಲಿ ಅನ್ನ ಮಾಂಸ ಸುತ್ತಿ ಬೇಯಿಸಿದ್ದು. ಪತ್ರೊಡೆಗೆ ಕೆಸುವಿನೆಲೆ ಸುತ್ತುವುದನ್ನು ನೋಡಿದವರಿಗೆ ಆ ಬಿಡಿಸುವ ಕೈ ಗೊತ್ತಾಗುತ್ತದೆ. ಬಣ್ಣದ ಗಾಜಿನಿಂದ ಬಿದ್ದ ಬಿಸಿಲು ಖಾಲಿ ಕುರ್ಚಿಗಳ ಮೇಲೆ ಕೂತಿತ್ತು. ಮೊಬೈಲಿನಲ್ಲಿ ಚಿತ್ರೀಕರಿಸಿ ಅಪ್ಪನಿಗೆ ಕಳಿಸಿದೆ. ಚಾವಣಿ, ಕಮಾನು, ಸುರುಳಿ ಮೆಟ್ಟಿಲು ಎಲ್ಲ ತೋರಿಸಿದ್ದೆ. ವಾಪಸ್ಸು ಬಂದ ಮೆಸೇಜು: “ಅಜ್ಜಿ ಒಬ್ಬಳೇ ಮಗು ಕರ್ಕೊಂಡು ಬಂದಿದಾಳೆ. ಒಳ್ಳೆ ಹೋಟ್ಲು. ಗಲ್ಲಾ ಎಲ್ಲೋ?”

ನ್ಯಾಯವಾಗಿ ಹೇಳಬೇಕೆಂದರೆ ಈ ಜಾಗಕ್ಕೂ ತನ್ನದೇ ಕಷ್ಟವಿದೆ. ಪ್ರವಾಸಿಗರ ನೂಕು ಹೆಚ್ಚು, ನಮ್ಮಂಥವರಿಂದಲೇ. ಶನಿವಾರ ಸಂಜೆ ಸುಮ್ಮನೆ ಹೋಗಿ ಕೂರುತ್ತೇನೆ ಎಂದರೆ ಆಗದು. ಕ್ರಯೋವಾದವಳಿಗೆ ಕೇಳಿದರೆ ಬೇಸಿಗೆಯಲ್ಲಿ ಅವಳ ಮತ ಮಾನುಕನ ಛತ್ರಕ್ಕೆ. ಹಾನುಲ್ ಲುಯ್ ಮಾನುಕ್, ಹಳೆ ಅರಮನೆಯ ಪಾಳಿನ ಎದುರು, 1808ರಲ್ಲಿ ಆರ್ಮೇನಿಯನ್ ವರ್ತಕ ಮಾನುಕ್ ಬೇ ಕಟ್ಟಿಸಿದ್ದು. ರಷ್ಯಾ ತುರ್ಕಿಗಳ ಯುದ್ಧ ಮುಗಿಸಿದ 1812ರ ಬುಕಾರೆಸ್ಟ್ ಒಪ್ಪಂದದ ಮಾತುಕತೆಗೆ ಇದೇ ಜಾಗ. ಇಲ್ಲಿ ಚಾವಣಿ ಇಲ್ಲ, ನಡುವೆ ಅಂಗಳ, ನಾಲ್ಕೂ ಸುತ್ತ ಎರಡು ಅಂತಸ್ತಿನ ಮರದ ಪಡಸಾಲೆ. ಒಂದು ಕಾಲಕ್ಕೆ ಸಾಮಾನಿನ ಗಾಡಿಗಳು ಅಂಗಳಕ್ಕೇ ಬಂದು ನಿಲ್ಲುತ್ತಿದ್ದವು. ನಮ್ಮ ಕಡೆಯ ತೊಟ್ಟಿ ಮನೆಯನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿ. ಮಳೆ ಬಂದರೆ ಅಂಗಳದವರೆಲ್ಲ ತಟ್ಟೆ ಲೋಟ ಎತ್ತಿಕೊಂಡು ಪಡಸಾಲೆಗೆ ಓಡಬೇಕು, ಒಮ್ಮೆ ನಾನೂ ಹಾಗೆ ಓಡಿ, ಗುರುತಿಲ್ಲದವರ ಟೇಬಲಿನ ತುದಿಯಲ್ಲಿ ನನ್ನ ಮೀಚ್, ಅಂದರೆ ಕೊಚ್ಚಿದ ಮಾಂಸವನ್ನು ಉದ್ದುದ್ದ ಮಾಡಿ ಕೆಂಡದ ಮೇಲೆ ಸುಟ್ಟದ್ದು, ತಿಂದು ಮುಗಿಸಿದ್ದೇನೆ. ಅವರು ತಮ್ಮ ಸಾಸಿವೆಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ವಾಪಸ್ಸು ಬರುವ ಮುಂಚೆ ಹೊರೆಜುಗೆ ಹೋಗಿದ್ದೆ. ಕುಂಬಾರರ ಮನೆಯ ಜಗಲಿಯಲ್ಲಿ ಒಂದು ತಟ್ಟೆ ಆರಿಸಿದೆ, ನಡುವೆ ಹುಂಜ, ಅಂಚಿಗೆ ಜೇಡರ ಬಲೆ. ಮನೆಯಾಕೆ ಅದನ್ನು ದಿನಪತ್ರಿಕೆಯಲ್ಲಿ ಸುತ್ತುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಎಂಬ ಸದ್ದು ಕೇಳಿಸಿ ಕೊಟ್ಟಳು. ಹಾಸನಕ್ಕೆ ತಂದು ಅಮ್ಮನ ಕೈಗಿಟ್ಟೆ. ಅಮ್ಮ ಅದನ್ನು ಶೋಕೇಸಿನಲ್ಲಿ, ನನ್ನ ಕಾಲೇಜಿನ ಕಪ್ಪಿನ ಪಕ್ಕ, ನಿಲ್ಲಿಸಿದ್ದಾಳೆ.

ಅಪ್ಪ ಒಂದು ದಿನ ಗಾಜು ಸರಿಸಿ ಕೈಹಾಕಿದರು. “ಇದ್ರಲ್ಲಿ ಉಣ್ಣೋಕಾಗಲ್ವೇನೇ?”

“ಒಡೆದ್ರೆ ರೊಮೇನಿಯಾಕ್ಕೆ ನೀವು ಹೋಗಿ ತರ್ತೀರಾ?” ಅಂದಳು ಅಮ್ಮ.